ದರ್ಜಿಯ ಕೆನ್ನೆ

ಸಾಲು ಎರಡು ಹೆಜ್ಜೆ ಮುಂದೆ ಸರಿದಾಗ ಅವನು ಒಂದೇ ಹೆಜ್ಜೆ ಇಟ್ಟ. ಹಿಂದಿದ್ದ ಹೆಂಡತಿ ಕೈಚೀಲದ ಮೂಲೆಯಿಂದ ಅವನ ಬೆನ್ನಿಗೆ ತಿವಿದು, "ನಡೀರಿ, ಗೋಡೇನ ಏನು ನುಂಗೋ ಹಾಗೆ ನೋಡ್ತಿದ್ದೀರಿ?" ಎಂದಳು. ಅವನು ಗೋಡೆಯನ್ನೇ ನೋಡುತ್ತಿದ್ದ. ವಿಮಾನದಿಂದ ಇಳಿದವರಿಗೆ ಅಲ್ಲಿಯೇ ವೀಸಾ ಕೊಡುವ ಹಜಾರ ಅದು. ಎದುರಿಗೆ ಐದು ಗಾಜಿನ ಗೂಡುಗಳು, ಮೂರರಲ್ಲಿ ಮಾತ್ರ ಜನ, ಎಡಗಡೆ ಫಾರಂ ತುಂಬುವವರಿಗಾಗಿ ಎದೆಯೆತ್ತರದ ಮೇಜು, ಅದರ ಮೇಲೆ ದಾರ ಕಟ್ಟಿದ ಪೆನ್ನುಗಳು, ಬಲಗಡೆ ಬೂದುಬಣ್ಣದ ಉದ್ದ ಗೋಡೆ. ಆ ಗೋಡೆಯಲ್ಲಿ ಒಂದು ಬಾಗಿಲಿತ್ತು. ಗೋಡೆಯದೇ ಬಣ್ಣ, ಹೊರಗಡೆಯಿಂದ ಹಿಡಿಯೇ ಇಲ್ಲ. ಹಿಡಿ ಇಲ್ಲದ ಬಾಗಿಲನ್ನು ಒಳಗಿರುವವರು ತೆಗೆಯಬೇಕು, ಇಲ್ಲವೇ ಯಾರಾದರೂ ಕರೆದುಕೊಂಡು ಹೋಗಬೇಕು ಎಂದು ಅವನು ಲೆಕ್ಕ ಹಾಕಿದ. ಹನ್ನೊಂದು ವರ್ಷಗಳಿಂದ ತಾನು ಮನಸ್ಸಿನಲ್ಲೇ ಕಟ್ಟಿ ಕೆಡವಿ ಮತ್ತೆ ಕಟ್ಟುತ್ತಿದ್ದ ಕೋಣೆ ಆ ಬಾಗಿಲಿನ ಹಿಂದೆಯೇ ಇರಬೇಕು ಅನ್ನಿಸಿ, ಪರೀಕ್ಷೆಯ ಪ್ರಶ್ನೆಪತ್ರಿಕೆ ಹಂಚುವ ಮೊದಲು ಆಗುತ್ತದಲ್ಲ, ಅಂಥದೊಂದು ಆತುರ ಹುಟ್ಟಿತು. ಹೆದರಿಕೆ ಅಲ್ಲ. ಹೆದರಿಕೆಯಾಗಿದ್ದರೆ ಕಣ್ಣು ಬೇರೆ ಕಡೆ ಹೋಗಬೇಕಿತ್ತು. ಇದು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಅವರ ಹಿಂದೆ ಮುಂದೆ ಹದಿನಾಲ್ಕು ಜನ ಒಂದೇ ಬಣ್ಣದ ಟೋಪಿ ಹಾಕಿಕೊಂಡು ನಿಂತಿದ್ದರು. ಫೋಟೋ ಕಾಗದದ ಕಂಪನಿ ತನ್ನ ಹಳೆಯ ಗಿರಾಕಿಗಳಾದ ಸ್ಟುಡಿಯೋದವರನ್ನು ಜೋಡಿ ಸಮೇತ ಕರೆತಂದ ಪ್ರವಾಸ. ಟೋಪಿ ಹಾಕದಿದ್ದರೆ ಗುಂಪು ತಪ್ಪುತ್ತೀರಿ ಎಂದು ಕಂಪನಿಯವನು ವಿಮಾನದಲ್ಲೇ ಎರಡು ಸಲ ಹೇಳಿದ್ದ. ಇಪ್ಪತ್ತಾರು ವರ್ಷ ಊರಿನವರೆಲ್ಲರ ಟೋಪಿ ತೆಗೆಸಿ, ಕನ್ನಡಕ ತೆಗೆಸಿ, ಗಲ್ಲ ಎತ್ತಿಸಿ ಕೂರಿಸಿದವನ ತಲೆಯ ಮೇಲೆ ಈಗ ಹಳದಿ ಟೋಪಿ. ಪ್ರವಾಸ ಬೇಡವಾದವರು ಫ್ರಿಜ್ ತೆಗೆದುಕೊಳ್ಳಬಹುದಿತ್ತು. ಹೆಂಡತಿಗೆ ಫ್ರಿಜ್ಜೇ ಬೇಕಿತ್ತು. "ನಾಲ್ಕು ದಿನ ಊರೂರು ಸುತ್ತಿ ಕಾಲು ನೋಯಿಸ್ಕೊಂಡು ಬರೋ ಬದಲು ಹತ್ತು ವರ್ಷ ತಣ್ಣಗಿರಬಹುದು" ಎಂದು ಅವಳು ವಾದಿಸಿದ್ದಳು. ಅವನು ಕಂಪನಿ ಕಳಿಸಿದ ಕಾಗದದಲ್ಲಿ ದೇಶದ ಹೆಸರು ಓದಿದ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಇಳಿದ ಮೇಲೆ ವೀಸಾ' ಎಂದಿದ್ದದ್ದನ್ನೂ ಓದಿದ, ಓದಿದವನೇ "ಜೀವಮಾನದಲ್ಲಿ ಒಂದು ಸಲನಾದರೂ ನಿನ್ನನ್ನ ವಿಮಾನ ಹತ್ತಿಸಬೇಕು" ಎಂದುಬಿಟ್ಟ. ಹೆಂಡತಿ ಅವನ ಮುಖವನ್ನು ಒಂದು ಗಳಿಗೆ ನೋಡಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅಂಥ ಮಾತು ಆಡಿದವನಲ್ಲ. ಆದರೂ ಅವಳ ಕಣ್ಣು ಸ್ವಲ್ಪ ತೇವವಾಯಿತು, ಅದನ್ನು ನೋಡಿ ಅವನಿಗೆ ಕಳ್ಳತನ ಮಾಡಿದಂತಾಯಿತು.

ಊರಿನಲ್ಲಿ ದರ್ಜಿಯೊಬ್ಬನ ಅಂಗಡಿ ಅವನ ಸ್ಟುಡಿಯೋದ ಎದುರಿಗೇ ಇತ್ತು. ರಸ್ತೆ ದಾಟಿದರೆ ಮೂರು ಮೆಟ್ಟಿಲು, ಅದರ ಮೇಲೆ ಉದ್ದನೆಯ ಕೋಣೆ, ಕಿಟಕಿಗೆ ಹತ್ತಿಕೊಂಡಂತೆ ಹೊಲಿಗೆ ಯಂತ್ರ. ದರ್ಜಿಗೆ ಎಡಗೆನ್ನೆಯ ಮೇಲೆ ಸುಟ್ಟ ಗುರುತು. ನಾಲ್ಕು ವರ್ಷದವನಿದ್ದಾಗ ಅಪ್ಪ ಕಾದ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಗಿರಾಕಿಯೊಡನೆ ಮಾತಾಡುತ್ತಿದ್ದಾಗ ಇವನು ಅದರ ಹೊಳಪಿನಲ್ಲಿ ಮುಖ ನೋಡಿಕೊಳ್ಳಲು ಹೋಗಿದ್ದನಂತೆ. ದೋಣಿಯ ಮೂತಿಯ ಆಕಾರದ ಕಲೆ, ಸುತ್ತಲಿನ ಚರ್ಮಕ್ಕಿಂತ ಒಂದು ಬಣ್ಣ ತಿಳಿ. ಅದು ಗೊತ್ತಾಗುತ್ತಿದ್ದದ್ದು ಬೆಳಕು ಪಕ್ಕದಿಂದ ಬಿದ್ದಾಗ ಮಾತ್ರ. ಆದರೆ ಬೆಳಕನ್ನು ನೋಡುವುದೇ ಕಸುಬಾದವನಿಗೆ ಅದು ಯಾವಾಗಲೂ ಕಾಣುತ್ತಿತ್ತು. ಹನ್ನೊಂದು ವರ್ಷದ ಹಿಂದೆ ದರ್ಜಿ ಪಾಸ್‌ಪೋರ್ಟ್ ಫೋಟೋಗೆ ಬಂದು ಕೂತಿದ್ದ. ಹೊರದೇಶದಲ್ಲಿ, ಇದೇ ದೇಶದಲ್ಲಿ, ಅಣ್ಣನ ವರಸೆಯವನೊಬ್ಬ ಹೊಲಿಗೆ ಅಂಗಡಿ ಹಾಕುತ್ತಿದ್ದಾನೆ, ಮೊದಲು ಇಳಿದಲ್ಲಿ ಸಿಗುವ ವೀಸಾದಲ್ಲಿ ಹೋಗಿ ಜಾಗ ನೋಡುವುದು, ಹಿಡಿಸಿದರೆ ಮುಂದಿನ ಮಾತು ಎಂದಿದ್ದ. ಸ್ಟುಡಿಯೋಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಮೊಡವೆ ಅಳಿಸುವುದನ್ನೂ ಹಲ್ಲು ಬೆಳ್ಳಗೆ ಮಾಡುವುದನ್ನೂ ಅವನು ಎರಡು ವಾರದ ತರಗತಿಗೆ ಹೋಗಿ ಕಲಿತು ಬಂದಿದ್ದ; ಅಳಿಸಲು ಏನಾದರೂ ಸಿಕ್ಕೀತೇ ಎಂದು ಕೈ ತುರಿಸುತ್ತಿದ್ದ ಕಾಲ. "ಆ ಗುರುತು ತೆಗೆದುಬಿಡಲಾ?" ಎಂದು ಕೇಳಿದ್ದ. "ಬೇಡಪ್ಪ, ಇದ್ದದ್ದು ಇದ್ದ ಹಾಗೇ ಇರಲಿ" ಎಂದು ದರ್ಜಿ ಹೇಳಿ ಹೋದ. ಹೋದ ಮೇಲೆ ಅವನು ತೆಗೆದ. ಕಾಲು ಗಂಟೆ ಕೂಡ ಹಿಡಿಯಲಿಲ್ಲ. ಬಲಗೆನ್ನೆಯ ಚರ್ಮವನ್ನು ಚೂರು ಚೂರೇ ತಂದು ಎಡಗೆನ್ನೆಗೆ ಹಚ್ಚಿದ, ಎಲ್ಲಿ ಹೊಲಿಗೆ ಬಿತ್ತೆಂದು ತನಗೇ ಗೊತ್ತಾಗದಷ್ಟು ನಯವಾಗಿ. ಮರುದಿನ ದರ್ಜಿ ಫೋಟೋ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಅವನ ಕೈ ತಾನಾಗಿಯೇ ಕೆನ್ನೆಗೆ ಹೋಯಿತು. "ಅರೆ" ಎಂದ. ಅಷ್ಟೇ. ಆ 'ಅರೆ'ಯನ್ನು ಅವನು ಮೆಚ್ಚುಗೆ ಎಂದುಕೊಂಡಿದ್ದ, ಮೂರು ತಿಂಗಳವರೆಗೆ.

ಮೂರು ತಿಂಗಳ ನಂತರ ವಿಮಾನ ಹತ್ತಿ ಹೋದ ದರ್ಜಿ ಮೂರನೇ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಊರು ಬಿಡುವಾಗ ಬಂದು ಕೈಕುಲುಕಿದ್ದವರೆಲ್ಲ ಮುಜುಗರದಿಂದ ಒಂದು ವಾರ ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟರು. ಯಾಕೆ ಬಂದ, ಏನಾಯಿತು ಎಂದು ಸ್ಟುಡಿಯೋದವನು ಒಳಗೊಳಗೇ ಒದ್ದಾಡುತ್ತಿದ್ದಾಗ ಹೆಂಡತಿ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಹೇಳಿದಳು, "ಫೋಟೋ ಸರಿಯಿಲ್ಲವಂತೆ. ಅಲ್ಲಿ ಇಳಿದ ತಕ್ಷಣ ವಾಪಸ್ ಕಳಿಸಿದ್ರಂತೆ." ಅವನ ಕೈ ತಟ್ಟೆಯಲ್ಲೇ ನಿಂತಿತು. ಅಳಿಸಿದ ವಿಷಯ ಅವಳಿಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ದರ್ಜಿ ಬಂದು ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಅವನು ಕಾದ. ಬರಲಿಲ್ಲ. ಹತ್ತನೆಯ ದಿನ ತಾನೇ ರಸ್ತೆ ದಾಟಿದ, ಹೇಳಿಬಿಡುವುದೆಂದು. ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಬಾಯಿಗೆ ಬಂದದ್ದು ಬೇರೆಯೇ ಮಾತು: "ಒಂದು ಪ್ಯಾಂಟು ಹೊಲಿಸಬೇಕಿತ್ತು." ದರ್ಜಿ ಟೇಪು ತೆಗೆದುಕೊಂಡು ಸೊಂಟದಿಂದ ಶುರುಮಾಡಿ ಕಾಲಿನ ಅಳತೆಗೆ ಮಂಡಿಯೂರಿ ಕೂತಾಗ ಮೇಲಿನಿಂದ ಆ ಕೆನ್ನೆ ಕಂಡಿತು, ಕಿಟಕಿಯ ಬೆಳಕು ಪಕ್ಕದಿಂದ ಬಿದ್ದು ದೋಣಿಯ ಮೂತಿ ಹೊಳೆಯುತ್ತಿತ್ತು. ಹೇಳಲಾಗಲಿಲ್ಲ. ಆಮೇಲೆ ವರ್ಷಕ್ಕೆ ಮೂರು ಪ್ಯಾಂಟು, ಎರಡು ಅಂಗಿ. ಬೀರುವಿನಲ್ಲಿ ಜಾಗ ಸಾಲದೆ ಹೆಂಡತಿ ಹಳೆಯವನ್ನು ಯಾರುಯಾರಿಗೋ ಕೊಟ್ಟಳು. "ನಿಮಗೇನು ಮದುವೆ ವಯಸ್ಸಾ?" ಎಂದು ರೇಗಿಸಿದಳು. ಪ್ರತಿಸಲವೂ ಅಳತೆ ಪುಸ್ತಕದಲ್ಲಿ ಅಂಕಿಗಳಿದ್ದರೂ ದರ್ಜಿ ಮತ್ತೆ ಅಳೆಯುತ್ತಿದ್ದ, ಇವನು ನಿಂತು ಅಳೆಸಿಕೊಳ್ಳುತ್ತಿದ್ದ, ಆ ಹತ್ತು ನಿಮಿಷದಲ್ಲಿ ಇವತ್ತು ಹೇಳುತ್ತೇನೆ, ಇವತ್ತು ಅವನೇ ಕೇಳುತ್ತಾನೆ ಎಂದುಕೊಳ್ಳುತ್ತಾ. ಬದಲಿಗೆ ಇಬ್ಬರೂ ಮಳೆ, ಕರೆಂಟು, ಬೀದಿನಾಯಿ, ದಾರದ ಗುಣಮಟ್ಟ ಇವುಗಳ ಮೇಲೆ ಮಾತಾಡುತ್ತಿದ್ದರು. ಈಗ ಸಾಲಿನಲ್ಲಿ ನಿಂತಿರುವಾಗ ಮೈಮೇಲಿರುವುದೂ ದರ್ಜಿಯದೇ ಪ್ಯಾಂಟು. ಅದರ ಅಳತೆ ತೆಗೆಯುವಾಗ ಪ್ರವಾಸದ ಸುದ್ದಿ ಹೇಳಬೇಕಾಗಿ ಬಂದು, ದೇಶದ ಹೆಸರನ್ನು ಇವನು ನಾಲಿಗೆಯ ತುದಿಯಲ್ಲಿ ಸುಟ್ಟ ಹಾಗೆ ಹೇಳಿದ್ದ. ದರ್ಜಿ ಟೇಪಿನ ತುದಿಯನ್ನು ಹಿಮ್ಮಡಿಗೆ ಒತ್ತಿ ಹಿಡಿದೇ, ತಲೆ ಎತ್ತದೆ, "ಅಲ್ಲಿ ಕುರ್ಚಿಗಳು ಚೆನ್ನಾಗಿವೆ" ಎಂದ. ಆ ಪ್ರಯಾಣದ ಬಗ್ಗೆ ಹನ್ನೊಂದು ವರ್ಷದಲ್ಲಿ ಆಡಿದ ಒಂದೇ ಮಾತು. "ಹೌದಾ" ಎಂದಿದ್ದ ಇವನು. ಅದಕ್ಕಿಂತ ಹೆಡ್ಡ ಉತ್ತರ ಇನ್ನೊಂದಿರಲು ಸಾಧ್ಯವೇ?

"ನಿಮ್ಮದು ಕೊಡಿ" ಎಂದು ಗಾಜಿನ ಹಿಂದಿನ ಯುವಕ ಅಂದಾಗ ಹೆಂಡತಿಯ ಕೆಲಸ ಆಗಲೇ ಮುಗಿದು ಅವಳು ಹಳದಿ ಗೆರೆಯ ಆಚೆ ನಿಂತು ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಇಷ್ಟೇನಾ ಎಂಬಂತೆ ಅವನ ಕಡೆ ನೋಡಿ ಹುಬ್ಬು ಹಾರಿಸಿದಳು. ಅವನು ಫಾರಂ, ಹೋಟೆಲಿನ ಕಾಗದ, ವಾಪಸ್ ಟಿಕೆಟ್ಟು, ಎಲ್ಲದರ ಮೇಲೆ ಎರಡು ಫೋಟೋ ಇಟ್ಟು ಒಳಗೆ ತಳ್ಳಿದ. ಫೋಟೋಗಳನ್ನು ಅವನೇ ತೆಗೆದುಕೊಂಡಿದ್ದ. ಹಿನ್ನೆಲೆಯಲ್ಲಿ ಒಂದು ನೆರಳಿಲ್ಲ, ಎರಡೂ ಕಿವಿ ಸಮ, ಅಳತೆಯಲ್ಲಿ ಕೂದಲೆಳೆ ಹೆಚ್ಚುಕಡಿಮೆಯಿಲ್ಲ. ಇಡೀ ಸಾಲಿನಲ್ಲಿ ತನ್ನವೇ ಅತ್ಯುತ್ತಮ ಎಂಬುದನ್ನು ಅವನು ಫಾರಂ ಮೇಜಿನ ಹತ್ತಿರವೇ ಓರೆಗಣ್ಣಿನಿಂದ ನೋಡಿ ಖಚಿತ ಮಾಡಿಕೊಂಡಿದ್ದ. ಅವನೂ ಯುವಕನೂ ತಮ್ಮದಲ್ಲದ ಭಾಷೆಯಲ್ಲಿ ಮಾತಾಡುತ್ತಿದ್ದದ್ದರಿಂದ ಮಾತುಗಳು ಎಲುಬು ಮಾತ್ರ ಉಳಿದ ಹಾಗಿದ್ದವು.

"ಕೆಲಸ?"

"ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ ತೆಗೀತೀನಿ."

"ಒಳ್ಳೇದು. ಫೋಟೋ ಬೇಡ." ಯುವಕ ಎರಡನ್ನೂ ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ. "ಟೋಪಿ ತೆಗೀರಿ. ಇಲ್ಲಿ ನೋಡಿ."

ಕಾಂಡದ ತುದಿಯಲ್ಲಿ ಕೂತ ಕಣ್ಣಿನಂಥ ಸಣ್ಣ ಕ್ಯಾಮೆರಾ ಅವನನ್ನು ಗಲ್ಲದ ಕೆಳಗಿನಿಂದ ತೆಗೆಯಿತು. ಪರದೆಯಲ್ಲಿ ಬಂದ ಮುಖವನ್ನು ಅವನು ಓರೆಯಾಗಿ ಕಂಡ. ಮೇಲಿನ ಬೆಳಕು ಕಣ್ಣುಗುಳಿಗಳಲ್ಲಿ ಕಪ್ಪು ತುಂಬಿತ್ತು, ಗಲ್ಲ ಎರಡಾಗಿತ್ತು, ಟೋಪಿಯ ಅಚ್ಚು ಹಣೆಯ ಮೇಲೆ ಕೆಂಪಗಿತ್ತು. ಇಂಥದನ್ನು ಗಿರಾಕಿಗೆ ಕೊಟ್ಟಿದ್ದರೆ ಅಂಗಡಿ ಮುಚ್ಚಬೇಕಾಗುತ್ತಿತ್ತು. ಇದೇ ಸಾಕು ಅನ್ನುವುದಾದರೆ, ಇಷ್ಟು ವರ್ಷ ಜನರ ಗಲ್ಲಕ್ಕೆ ಬೆರಳಿಟ್ಟು ಒಂದಿಷ್ಟು ಬಲಕ್ಕೆ, ಒಂದಿಷ್ಟು ಎಡಕ್ಕೆ ಎನ್ನುತ್ತಿದ್ದದ್ದು ಯಾರಿಗಾಗಿ? ಯುವಕ ಮುದ್ರೆ ಎತ್ತಿಕೊಂಡ. ಇನ್ನೊಂದು ಕ್ಷಣ ಸುಮ್ಮನಿದ್ದಿದ್ದರೆ ಮುಗಿದಿರುತ್ತಿತ್ತು. ಆದರೆ ಬಲಗಡೆಯ ಗೋಡೆ ಇತ್ತು, ಹಿಡಿ ಇಲ್ಲದ ಬಾಗಿಲಿತ್ತು, ನಾಲ್ಕು ದಿನದ ಪ್ರವಾಸದಲ್ಲಿ ಇಲ್ಲಿಗೆ ಇನ್ನೊಮ್ಮೆ ಬರುವುದಿರಲಿಲ್ಲ.

"ಒಂದು ಮಾತು ಕೇಳಲಾ?" ಎಂದ. "ಪಾಸ್‌ಪೋರ್ಟ್ ಫೋಟೋದಲ್ಲಿ ಕೆನ್ನೆ ಮೇಲೆ ಗುರುತಿಲ್ಲ, ಎದುರಿಗೆ ನಿಂತಿರೋ ಮನುಷ್ಯನ ಕೆನ್ನೆ ಮೇಲೆ ಇದೆ ಅಂತಿಟ್ಕೊಳ್ಳಿ. ಆಗ ಏನು ಮಾಡ್ತೀರಿ?"

ಮುದ್ರೆ ಗಾಳಿಯಲ್ಲೇ ನಿಂತಿತು. "ಯಾರ ಕೆನ್ನೆ?"

"ನಂದಲ್ಲ."

"ನಿಮ್ಮದಲ್ಲ ಅನ್ನೋದು ಕಾಣ್ತಿದೆ. ನಿಮ್ಮ ಗುಂಪಿನಲ್ಲಿದ್ದಾರಾ?"

"ಇಲ್ಲಪ್ಪ, ಊರಲ್ಲಿದ್ದಾನೆ."

"ಗುರುತು ತೆಗೆದೋರು ಯಾರು?"

"ನಾನೇ" ಎಂದ ಅವನು. ಹನ್ನೊಂದು ವರ್ಷ ಹೆಂಡತಿಗೆ ಹೇಳಲಾಗದ್ದನ್ನು, ದರ್ಜಿಗೆ ಹೇಳಲಾಗದ್ದನ್ನು ಗಾಜಿನ ಹಿಂದಿನ ಅಪರಿಚಿತನಿಗೆ ಟೀ ಬೇಕು ಅಂದಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ. ಯುವಕ ಮುದ್ರೆಯನ್ನು ಅದರ ಮಸಿಪೆಟ್ಟಿಗೆಯ ಮೇಲೆ ಮೆಲ್ಲಗೆ ಇಟ್ಟು ಫೋನು ಎತ್ತಿಕೊಂಡ. ಗೋಡೆಯ ಬಾಗಿಲು ಒಳಗಿನಿಂದ ತೆರೆಯಿತು. ಆಚೆಯಿಂದ ಹೆಂಡತಿ ಎರಡು ಕೈಯನ್ನೂ ಎತ್ತಿ ಏನ್ರೀ ಎಂದು ಕೇಳುತ್ತಿದ್ದಳು, ಕಂಪನಿಯವನು ಟೋಪಿಗಳನ್ನು ಎಣಿಸುತ್ತಾ ಒಂದು ಕಡಿಮೆ ಬಂದು ಮತ್ತೆ ಎಣಿಸುತ್ತಿದ್ದ. ನಾಚಿಕೆಯಿಲ್ಲದೆ, ಒಳಗೆ ಎಷ್ಟು ದೊಡ್ಡದಿದೆಯೋ ನೋಡೋಣ ಎಂದು ಅವನ ಕತ್ತು ಉದ್ದವಾಯಿತು.

ದೊಡ್ಡದಿರಲಿಲ್ಲ. ಅವನು ಕಟ್ಟಿಕೊಂಡಿದ್ದ ಕೋಣೆಯಲ್ಲಿ ಒಂದು ಕಬ್ಬಿಣದ ಬೆಂಚಿತ್ತು, ತಂತಿಯಲ್ಲಿ ತೂಗುವ ಒಂದು ಬಲ್ಬಿತ್ತು, ಕಿರುಚುವ ಒಬ್ಬ ಮನುಷ್ಯನಿದ್ದ. ದರ್ಜಿಯನ್ನು ಆ ಬೆಂಚಿನ ಮೇಲೆ ಕೂರಿಸಿ ಅವನು ಎಷ್ಟು ಸಲ ನೋಡಿದ್ದನೆಂದರೆ ಅದೊಂದು ನಿಜವಾದ ಜಾಗವಾಗಿಬಿಟ್ಟಿತ್ತು. ಇಲ್ಲಿ ಕಿಟಕಿಯಿಂದ ಬೆಳಗಿನ ಹತ್ತರ ಬಿಸಿಲು ಬರುತ್ತಿತ್ತು. ಕುಂಡದಲ್ಲಿ ಅಗಲ ಎಲೆಯ ಗಿಡ, ನೀರಿನ ಯಂತ್ರ, ಮೀನುಗಳ ಚಿತ್ರದ ಕ್ಯಾಲೆಂಡರು, ಯಾರದೋ ಮಗು ಬರೆದ ಮನೆ ಮತ್ತು ಸೂರ್ಯ. ಗೋಡೆಗೆ ಸಾಲಾಗಿ ಆರು ಕುರ್ಚಿ. ಕೂತ. ಕುರ್ಚಿ ಬೆನ್ನಿಗೆ ಸರಿಯಾಗಿ ಸ್ವಲ್ಪ ಹಿಂದಕ್ಕೆ ಬಾಗಿ ಅವನನ್ನು ಒಪ್ಪಿಕೊಂಡಿತು. ನಿಜಕ್ಕೂ ಚೆನ್ನಾಗಿತ್ತು. ಹಾಗಾದರೆ ದರ್ಜಿ ವ್ಯಂಗ್ಯ ಮಾಡಿರಲಿಲ್ಲ. ದಿನವಿಡೀ ಹಲಗೆಯ ಸ್ಟೂಲಿನ ಮೇಲೆ ಕೂರುವವನು ಒಳ್ಳೆಯ ಕುರ್ಚಿಯನ್ನು ಒಳ್ಳೆಯ ಕುರ್ಚಿ ಎಂದಿದ್ದ, ಅಷ್ಟೇ. ಅವನಿಗೆ ಒಂಥರಾ ಮೋಸವಾದಂತಾಯಿತು. ಇಷ್ಟು ವರ್ಷ ಬೆಂಚು ಬೆಂಚು ಎಂದು ಕೊರಗಿದ್ದು ಇದಕ್ಕಾಗಿಯೇ?

ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಹೆಂಗಸಿಗೆ ನಿವೃತ್ತಿ ಹತ್ತಿರವಿದ್ದಂತಿತ್ತು. ಪಾಸ್‌ಪೋರ್ಟನ್ನು ಮೊದಲು ಹಿಂದಿನ ಪುಟದಿಂದ ನೋಡಿದಳು, ಆಮೇಲೆ ಮುಂದಿನಿಂದ. "ಮೊದಲಿಂದ ಹೇಳಿ" ಎಂದಳು. ಅವನು ಹೇಳಿದ. ಕಂಪ್ಯೂಟರ್ ತರಗತಿಯಿಂದ ಶುರುಮಾಡಿ ಪ್ಯಾಂಟುಗಳವರೆಗೆ. ತನ್ನದಲ್ಲದ ಭಾಷೆಯಲ್ಲಿ ಹೇಳುವಾಗ ಎಲ್ಲವೂ ಚಿಕ್ಕದಾಯಿತು, ನೆಪಗಳಿಗೆ ಬೇಕಾದ ಪದಗಳೇ ಸಿಗಲಿಲ್ಲ. 'ಒಳ್ಳೇ ಮನಸ್ಸಿನಿಂದ ಮಾಡಿದೆ' ಎನ್ನಲು ಹೊರಟು 'ಕಲಿತದ್ದು ತೋರಿಸಬೇಕಿತ್ತು' ಎಂದು ಮುಗಿಸಿದ. ಆಕೆ ಮಧ್ಯೆ ಒಂದೇ ಸಲ ತಡೆದು ಗುರುತು ಎಷ್ಟು ದೊಡ್ಡದು ಎಂದು ಕೇಳಿದಳು. ಅವನು ಹೆಬ್ಬೆರಳ ಉಗುರು ತೋರಿಸಿದ.

"ಇಷ್ಟೇನಾ?"

"ಇಷ್ಟೇ."

"ಇಷ್ಟಕ್ಕೆಲ್ಲ ನಾವು ಯಾರನ್ನೂ ಕಳಿಸಲ್ಲ." ಆಕೆ ಹಿಂದಕ್ಕೊರಗಿದಳು. "ಕೆನ್ನೆ ನಾವು ನೋಡೋದೇ ಇಲ್ಲ. ಜನ ಗಡ್ಡ ಬಿಡ್ತಾರೆ, ಬೋಳಿಸ್ತಾರೆ, ಬೀಳ್ತಾರೆ, ಸುಟ್ಕೊಳ್ತಾರೆ, ದಪ್ಪ ಆಗ್ತಾರೆ. ನಾನು ಕಿವಿ ನೋಡ್ತೀನಿ. ಮೂವತ್ತು ವರ್ಷದಿಂದ ಕಿವಿ ನೋಡ್ತಿದ್ದೀನಿ. ಕಿವಿ ಸುಳ್ಳು ಹೇಳಲ್ಲ."

"ಅದಕ್ಕೇ ನಾನು ಎರಡೂ ಕಿವಿ ಕಾಣೋ ಹಾಗೆ ಕೂರಿಸೋದು" ಎಂದ ಅವನು, ಕೂತಲ್ಲೇ ಮುಂದೆ ಸರಿದು. ಕಿಸೆಯಲ್ಲಿದ್ದ ಬೇಡವಾದ ಫೋಟೋಗಳನ್ನು ತೆಗೆದು ಮೇಜಿನ ಮೇಲಿಟ್ಟ. ಆಕೆ ಕನ್ನಡಕ ಸರಿಮಾಡಿಕೊಂಡು ನೋಡಿ, "ಚೆನ್ನಾಗಿವೆ" ಎಂದಳು. ಮುಖಗಳನ್ನು ನೋಡಿ ನೋಡಿ ಸುಸ್ತಾದ ಇಬ್ಬರು ಒಂದು ಗಳಿಗೆ ಕಿವಿಗಳ ಬಗ್ಗೆ ಮಾತಾಡಿದರು: ಅವಳಿಗಳ ಕಿವಿ, ವಯಸ್ಸಾದಂತೆ ಉದ್ದವಾಗುವ ಕಿವಿ, ಕೂದಲ ಹಿಂದೆ ಬಚ್ಚಿಡುವ ಹೆಣ್ಣುಮಕ್ಕಳ ಕಿವಿ. ತನ್ನನ್ನು ವಿಚಾರಣೆಗೆ ಕೂರಿಸಿದ್ದಾರೆ ಎಂಬುದೇ ಅವನಿಗೆ ಮರೆತುಹೋಗಿತ್ತು. ನೆನಪಾದಾಗ ಕೇಳಿದ, "ಹಾಗಾದ್ರೆ ಅವನನ್ನ ಯಾಕೆ ಕಳಿಸಿದ್ರಿ?"

"ನಾವು ಕಳಿಸಿದ್ವಿ ಅಂತ ಅವರು ಹೇಳಿದ್ರಾ?"

ಹೂಂ ಎನ್ನಲು ಹೊರಟವನು ತಡೆದ. ಹೇಳಿದ್ದು ಯಾರು? 'ಫೋಟೋ ಸರಿಯಿಲ್ಲವಂತೆ.' ಅವನ ಭಾಷೆಯಲ್ಲಿ ಆ 'ಅಂತೆ' ಎಂಬುದೊಂದಿದೆ. ಮಾತನ್ನು ಮುಂದಕ್ಕೆ ದಾಟಿಸಿ, ಆಡಿದವನನ್ನು ಮಾತ್ರ ನುಂಗಿಬಿಡುತ್ತದೆ. ದರ್ಜಿ ಹೆಂಡತಿಗೆ ಏನು ಹೇಳಿದನೋ, ಆಕೆ ಪಕ್ಕದ ಮನೆಯ ಅತ್ತಿಗೆಗೆ ಏನು ಹೇಳಿದಳೋ, ಅದು ತನ್ನ ಹೆಂಡತಿಯ ಬಾಯಿಗೆ ಬರುವಷ್ಟರಲ್ಲಿ ಏನಾಯಿತೋ. ಆ ಎರಡಕ್ಷರದ ಮೇಲೆ ಅವನು ಹನ್ನೊಂದು ವರ್ಷ ಮನೆ ಕಟ್ಟಿಕೊಂಡು ವಾಸವಾಗಿದ್ದ. ಇದನ್ನು ಆಕೆಗೆ ವಿವರಿಸಲು ಹೋದ. ಆ ಭಾಷೆಯಲ್ಲಿ 'ಅಂತೆ'ಗೆ ಪದ ಸಿಗಲಿಲ್ಲ.

ಆಕೆ ದರ್ಜಿಯ ಹೆಸರು, ಬಂದ ವರ್ಷ, ತಿಂಗಳು ಕೇಳಿ ಕಂಪ್ಯೂಟರಿನಲ್ಲಿ ಒತ್ತಿದಳು. ಬಹಳ ಹೊತ್ತು ಓದಿದಳು. ಅವನು ಆಕೆಯ ಮುಖವನ್ನೇ ನೋಡಿದ. ಯಾವ ಮುಖವಾದರೂ ಕ್ಯಾಮೆರಾ ಮರೆತ ಒಂದು ಕ್ಷಣದಲ್ಲಿ ಏನನ್ನಾದರೂ ಬಿಟ್ಟುಕೊಡುತ್ತದೆ ಎಂಬುದು ಅವನ ಕಸುಬಿನ ನಂಬಿಕೆ. ಈ ಮುಖ ಏನೂ ಕೊಡಲಿಲ್ಲ. ಪರದೆಯ ಬೆಳಕು ಆಕೆಯ ಕನ್ನಡಕದಲ್ಲಿ ಎರಡು ಪುಟ್ಟ ಬಿಳಿ ಚೌಕವಾಗಿ ಕೂತಿತ್ತು, ಅದರಲ್ಲಿ ಅಕ್ಷರಗಳೂ ಇದ್ದವು, ತಲೆಕೆಳಗಾಗಿಯೋ ಹಿಂದುಮುಂದಾಗಿಯೋ, ಓದಲಾಗದಷ್ಟು ಸಣ್ಣಗೆ. ಅವನು ಕುರ್ಚಿಯ ತುದಿಗೆ ಬಂದಿದ್ದ.

"ಇದೆ" ಎಂದಳು ಆಕೆ. "ಆದ್ರೆ ಹೇಳೋ ಹಾಗಿಲ್ಲ. ಇದು ಅವರ ವಿಷಯ."

"ಒಂದೇ ಮಾತು ಹೇಳಿ. ನನ್ನ ಫೋಟೋ..."

"ಒಂದು ಮಾತೂ ಇಲ್ಲ." ಆಕೆ ಪರದೆ ಆರಿಸಿದಳು. "ಅವರು ಬದುಕಿದ್ದಾರಾ?"

"ಹೂಂ. ನಮ್ಮ ಅಂಗಡಿ ಎದುರಿಗೇ."

"ಎದುರಿಗೆ ಅಂದ್ರೆ ಎಷ್ಟು ದೂರ?"

"ರಸ್ತೆ ದಾಟಿದ್ರೆ ಆಯ್ತು."

ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ರಸ್ತೆ ದಾಟಿ ಅವರನ್ನ ಕೇಳೋಕಾಗದೆ, ವಿಮಾನ ಹತ್ತಿ ನನ್ನನ್ನ ಕೇಳೋಕೆ ಬಂದಿದ್ದೀರಾ?"

ಆಕೆ ನಕ್ಕಳು. ಕೆಟ್ಟ ನಗುವಲ್ಲ. ಆದರೂ ಅವನ ಕಿವಿ ಬಿಸಿಯಾದವು. ಆಕೆ ಅವನ್ನೇ ನೋಡುತ್ತಿದ್ದಾಳೆ ಎಂದು ಗೊತ್ತಾಗಿ ಇನ್ನಷ್ಟು ಬಿಸಿಯಾದವು. ಯಾಕೆ ಕೇಳಲಿಲ್ಲ ಎಂದು ಆಕೆ ಕೇಳಲಿಲ್ಲ. ಅವನೇ ಕೇಳಿಕೊಂಡ. ಹೆದರಿಕೆ ಎಂದುಕೊಂಡಿದ್ದ ಇಷ್ಟು ದಿನ. ಆದರೆ ಹೆದರಿದವನು ಗಲ್ಲಿ ಬದಲಿಸಿ ತಪ್ಪಿಸಿಕೊಂಡು ಓಡಾಡುತ್ತಾನೆಯೇ ಹೊರತು ವರ್ಷಕ್ಕೆ ಮೂರು ಸಲ ಹೋಗಿ ಎದುರಿಗೆ ಕೈಯೆತ್ತಿ ನಿಲ್ಲುತ್ತಾನೆಯೇ? ಮಂಡಿಯೂರಿ ಕೂತ ಮನುಷ್ಯ, ಬಾಯಲ್ಲಿ ಗುಂಡುಪಿನ್ನು, ಕಿಟಕಿಯ ಬೆಳಕು, ಬೀದಿನಾಯಿಯ ಸುದ್ದಿ. ಆ ಹತ್ತು ನಿಮಿಷ ಅವನಿಗೆ ಬೇಕಾಗಿತ್ತು. ಕೇಳಿ ಉತ್ತರ ಬಂದುಬಿಟ್ಟಿದ್ದರೆ ಅಲ್ಲಿಗೆ ಹೋಗಲು ಏನು ಕಾರಣ ಉಳಿಯುತ್ತಿತ್ತು? ಗಂಡಸರು ಸುಮ್ಮನೆ ಒಬ್ಬರ ಅಂಗಡಿಗೆ ಇನ್ನೊಬ್ಬರು ಹೋಗಿ ನಿಲ್ಲುವುದುಂಟೆ? ಈ ಯೋಚನೆ ಎಷ್ಟು ಹೊಸದಾಗಿತ್ತೆಂದರೆ ಅವನು ಅದನ್ನು ಹೊರಗಿನಿಂದ, ಇನ್ನೊಬ್ಬನ ನೆಗೆಟಿವ್ ಹಿಡಿದು ನೋಡುವವನ ಹಾಗೆ ನೋಡಿದ. ಅಷ್ಟರಲ್ಲಿ ಆಕೆ ವೀಸಾದ ಚೀಟಿಯ ಹಿಂದಿನ ಕಾಗದ ಸುಲಿದು ಪಾಸ್‌ಪೋರ್ಟಿಗೆ ಅಂಟಿಸಿ, ಅಂಗೈಯಿಂದ ಎರಡು ಸಲ ತೀಡಿ, ಮುದ್ರೆ ಒತ್ತಿಯಾಗಿತ್ತು. "ಇನ್ಮೇಲೆ ಯಾರ ಕೆನ್ನೆಗೂ ಕೈ ಹಾಕಬೇಡಿ" ಎಂದಳು. "ಹೋಗಿ, ನಿಮ್ಮ ಮನೆಯವರು ಆಗಿನಿಂದ ಬಾಗಿಲು ಬಡೀತಿದ್ದಾರೆ."

ಹೆಂಡತಿ ಅವನ ತೋಳು ಹಿಡಿದು ಹಜಾರದ ಹೊರಗೆ ಸಾಮಾನು ಬರುವ ಬೆಲ್ಟಿನ ಹತ್ತಿರಕ್ಕೆ ಎಳೆದುಕೊಂಡೇ ಹೋದಳು. ಪೆಟ್ಟಿಗೆಗಳನ್ನು ಕಂಪನಿಯವನು ಇಳಿಸಿ ಇಟ್ಟಿದ್ದ. "ಏನು ಹೇಳಿದ್ರಿ ಆ ಹುಡುಗನಿಗೆ? ಹದಿನಾಲ್ಕು ಜನ ಸುಮ್ಮನೆ ಬಂದ್ರಲ್ಲ, ನಿಮಗೊಬ್ಬರಿಗೆ ಏನು ಬಂದಿತ್ತು?" ಅವನು ನಿಂತಲ್ಲೇ ಹೇಳಿದ, ಇವತ್ತು ಎರಡನೆಯ ಸಲ, ಈ ಸಲ ತನ್ನ ಭಾಷೆಯಲ್ಲಿ, ಆದರೂ ಚಿಕ್ಕದಾಗಿಯೇ. ಅವಳು ಕೇಳುತ್ತಾ ಕೇಳುತ್ತಾ ಪೆಟ್ಟಿಗೆಯ ಹಿಡಿಯನ್ನು ಬಿಟ್ಟಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದ. "ಯಾರೂ ಕುಂಬಳಕಾಯಿ ಕಳ್ಳ ಅಂತ ಕೂಗೇ ಇಲ್ಲ, ನೀವು ಇಷ್ಟು ವರ್ಷ ಹೆಗಲು ಮುಟ್ಟಿ ನೋಡ್ಕೊಂಡು ಕೂತಿದ್ರಾ?" ಎಂದಳು. ಅವನ ಪ್ಯಾಂಟಿನ ಕಡೆ ನೋಡಿ, "ಅದಕ್ಕೆ ಆ ಪ್ಯಾಂಟುಗಳು" ಎಂದಳು. ಆಮೇಲೆ, ಬೇರೆ ದನಿಯಲ್ಲಿ, "ಅದಕ್ಕೆ ಈ ವಿಮಾನ" ಎಂದಳು. ಅವನು ಅವಳ ಮುಖ ನೋಡಲಾರದೆ ನೆಲ ನೋಡಿದ. "ನನಗೆ ಫ್ರಿಜ್ಜು ಬೇಕಿತ್ತು" ಎಂದು ಅವಳು ತನ್ನ ಪೆಟ್ಟಿಗೆಯನ್ನು ತಾನೇ ಎಳೆದುಕೊಂಡು ಬಸ್ಸಿನ ಕಡೆ ನಡೆದಳು. ಆ ಬೆನ್ನು ನೋಡುವಾಗ, ಇದೊಂದಕ್ಕೆ ಇನ್ನು ಎಷ್ಟು ವರ್ಷ ಬೇಕೋ ಅನ್ನಿಸಿತು ಅವನಿಗೆ. ಹತ್ತು ಹೆಜ್ಜೆ ಹೋದವಳು ತಿರುಗಿ ನಿಂತಳು. "ಫೋನು ಇದೆಯಲ್ಲ ಕೈಯಲ್ಲಿ? ಮಗಳು ಅದೇನೋ ಪ್ಯಾಕು ಹಾಕಿಸಿಕೊಟ್ಟಿದ್ದಾಳಲ್ಲ? ಕೇಳಿ ಅವರನ್ನ. ನನಗೂ ಗೊತ್ತಾಗಲಿ."

ಹೊರಗೆ ಬಿಸಿಲು ಊರಿನದಕ್ಕಿಂತ ಬಿಳಿಯಾಗಿತ್ತು. ಫೋನಿನ ಗಂಟೆ ಬಾರಿಸುತ್ತಾ ಹೋಗಿ ಇನ್ನೇನು ನಿಲ್ಲುತ್ತದೆ ಎನ್ನುವಾಗ ದರ್ಜಿ ಎತ್ತಿಕೊಂಡ. ಹಿಂದೆ ಯಂತ್ರ ಓಡುತ್ತಿತ್ತು.

"ಯಾರು?"

"ನಾನು. ಸ್ಟುಡಿಯೋ."

ಯಂತ್ರ ನಿಂತಿತು. "ಏನಪ್ಪಾ, ತಲುಪಿದ್ರಾ? ಪ್ಯಾಂಟು ಬಿಗಿ ಆಯ್ತಾ?"

"ಪ್ಯಾಂಟು ಸರಿಯಾಗಿದೆ. ಒಂದು ಕೇಳಬೇಕಿತ್ತು." ಮಳೆ, ಕರೆಂಟು, ನಾಯಿ, ದಾರ ಎಲ್ಲವೂ ಸಾಲಾಗಿ ಬಂದು ಬಾಯ ಬಾಗಿಲಲ್ಲಿ ನಿಂತವು. ಅವುಗಳನ್ನು ಪಕ್ಕಕ್ಕೆ ಸರಿಸಿದ. "ನಿನ್ನನ್ನ ಇಲ್ಲಿಂದ ಯಾಕೆ ವಾಪಸ್ ಕಳಿಸಿದ್ರು?"

ಆ ಕಡೆ ಯಾರೋ ಗಿರಾಕಿ ಏನೋ ಕೇಳಿದರು, ನಾಳೆ ಬನ್ನಿ ಎಂದು ದರ್ಜಿ ಹೇಳಿದ್ದು ದೂರದಿಂದ ಕೇಳಿಸಿತು.

"ಈಗ ಕೇಳ್ತಿದ್ದೀಯಾ" ಎಂದ ದರ್ಜಿ.

"ಈಗ ಕೇಳ್ತಿದ್ದೀನಿ."

"ಕಳಿಸಲಿಲ್ಲ ಕಣೋ." ದರ್ಜಿ ಕೆಮ್ಮಿದ. "ಗಾಜಿನ ಹಿಂದೆ ಒಬ್ಬ ಇದ್ದ. ಪಾಸ್‌ಪೋರ್ಟು ಬಿಡಿಸಿ ನನ್ನ ಕಡೆ ತಿರುಗಿಸಿ ಹಿಡಿದು, ಇದು ನೀವೇನಾ ಅಂದ. ಅನುಮಾನ ಏನೂ ಇಲ್ಲ, ನನ್ನ ಮುಂದಿನವರನ್ನೂ ಹಾಗೇ ಕೇಳಿದ್ದ. ಹೂಂ ಅಂದಿದ್ರೆ ಮುಗೀತಿತ್ತು. ನಾನು ಆ ಫೋಟೋ ನೋಡ್ದೆ. ಎಷ್ಟು ಲಕ್ಷಣವಾಗಿದ್ದ ಗೊತ್ತಾ ಅವನು? ಅಂಥವನು ಹೊರದೇಶದಲ್ಲಿ ಅಂಗಡಿ ಹಾಕ್ತಾನೆ, ದೊಡ್ಡ ದೊಡ್ಡವರ ಜೊತೆ ನಿಂತು ಮಾತಾಡ್ತಾನೆ ಅನ್ನಿಸ್ತು. ನನಗೋ ವಿಮಾನ ಹತ್ತಿದಾಗಿನಿಂದ ಊರಿಗೆ ವಾಪಸ್ ಹೋದ್ರೆ ಸಾಕಾಗಿತ್ತು. ಅಲ್ಲ ಅಂದೆ."

"ಏನಂದೆ?"

"ಅಲ್ಲ. ಇದು ನಾನಲ್ಲ ಅಂದೆ."

ಸ್ಟುಡಿಯೋದವನ ಕೈಯಲ್ಲಿದ್ದ ಟೋಪಿ ಕೆಳಗೆ ಬಿತ್ತು. ಮೊದಲು ಬಂದದ್ದು ಸಿಟ್ಟು. "ಹನ್ನೊಂದು ವರ್ಷ! ಊರಿಗೆಲ್ಲ ಫೋಟೋ ಸರಿಯಿಲ್ಲ ಅಂತ ಹೇಳಿದ್ಯಲ್ಲೋ!"

"ಹೆಂಡತಿಗೆ ಏನಾದ್ರೂ ಹೇಳಬೇಕಿತ್ತಲ್ಲ. ಹೆದರಿಕೊಂಡು ಬಂದೆ ಅನ್ನಕ್ಕಾಗುತ್ತಾ? ಊರಿಗೆ ನಾನೇನೂ ಹೇಳಲಿಲ್ಲ, ಅದೇ ಹೋಯ್ತು. ನೀನು ಬಂದು ಜಗಳ ಆಡ್ತೀಯಾ ಅಂತ ಕಾದೆ. ನೀನು ಬಂದು ಪ್ಯಾಂಟು ಅಂದೆ." ದರ್ಜಿಯ ದನಿ ತಗ್ಗಿತು. "ಫೋಟೋ ಕೆಟ್ಟದಾಗಿರಲಿಲ್ಲ ಕಣೋ. ಬೇಡ ಅಂದಿದ್ದೆನಲ್ಲ, ಅಷ್ಟೇ."

ಬಸ್ಸು ಹಾರನ್ ಹಾಕಿತು. ಕಂಪನಿಯವನು ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುತ್ತಿದ್ದ, ಕಿಟಕಿಯಲ್ಲಿ ಹಳದಿ ಟೋಪಿಗಳು ಇತ್ತ ತಿರುಗಿದ್ದವು, ಅವುಗಳ ನಡುವೆ ಟೋಪಿ ತೆಗೆದ ಹೆಂಡತಿಯ ತಲೆ ಒಂದೇ. ಬೇಡ ಅಂದಿದ್ದ. ಹೌದು, ಬೇಡ ಅಂದಿದ್ದ. ಸಿಟ್ಟು ಎಲ್ಲಿಗೆ ಹೋಯಿತೆಂದು ಅವನಿಗೆ ತಿಳಿಯಲಿಲ್ಲ. ಅದು ಹೋದ ಜಾಗದಲ್ಲಿ, ಗಾಜಿನ ಮುಂದೆ ನಿಂತು ತನ್ನದೇ ಮುಖವನ್ನು ನೋಡಿ ಅಲ್ಲ ಎಂದ ಒಬ್ಬ ಮನುಷ್ಯ ನಿಂತಿದ್ದ, ಅವನು ಎಂದೂ ಕಾಣದ ಮನುಷ್ಯ.

"ಆಮೇಲೆ?" ಎಂದ.

"ಆಮೇಲೇನು?"

"ಅಲ್ಲ ಅಂದ್ಯಲ್ಲ. ಅವನೇನಂದ?"

"ಅಯ್ಯೋ, ಅದು ಉದ್ದ ಕಥೆ. ನಿನ್ನ ಬಸ್ಸು ಕೂಗ್ತಾ ಇರೋದು ನನಗೇ ಕೇಳಿಸ್ತಿದೆ, ಹೋಗು."

ಅವನು ಬಸ್ಸಿನ ಕಡೆ ಕೈಯೆತ್ತಿ ಕಾಯಿರಿ ಎಂದೋ ಹೋಗಿರಿ ಎಂದೋ ತನಗೇ ಗೊತ್ತಿಲ್ಲದಂತೆ ಬೀಸಿ, ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಅದರ ಮೇಲೆ ಕೂತ. "ಇರಲಿ, ನೀನು ಹೇಳು" ಎಂದ. ಆ ಕಡೆ ಸ್ಟೂಲು ಎಳೆದ ಸದ್ದಾಯಿತು.